ಲೇಬಲ್ ಕಿತ್ತ ರೆಕಾರ್ಡುಗಳು

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1950ರ ದಶಕದಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದವರಿಗೆ ದೊಡ್ಡ ಸ್ಪೀಕರ್‌ಗಳಿದ್ದರೆ ಸಾಲದು, ಎದುರಾಳಿಯ ಬಳಿ ಇಲ್ಲದ ರೆಕಾರ್ಡ್ ಇರಬೇಕಿತ್ತು. ದುಡ್ಡು ಕೊಟ್ಟು ಕುಣಿಯಲು ಬರುವ ಜನ ಒಳ್ಳೆಯ ಹಾಡು ಎಲ್ಲಿ ಕೇಳಿಸುತ್ತದೋ ಅತ್ತ ಹೋಗುತ್ತಿದ್ದರು. ಅಂಥವರಲ್ಲೊಬ್ಬರಾದ ಕಾಕ್ಸನ್ ಡಾಡ್ ಅಮೆರಿಕಕ್ಕೆ ಕೃಷಿ ಕೂಲಿಗೆ ಹೋಗಿ ಅಲ್ಲಿಂದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ತಂದರು. ಎದುರಾಳಿಗೆ ಹೆಸರು ತಿಳಿಯದಿರಲೆಂದು ಹಾಗೆ ತಂದವುಗಳ ಲೇಬಲ್ಲನ್ನು ಕೆರೆದು ತೆಗೆಯುವುದು ಆ ಊರಿನ ರೂಢಿಯಾಯಿತು. ಸ್ಯಾಕ್ಸೊಫೋನ್ ವಾದಕ ವಿಲ್ಲಿಸ್ ಜ್ಯಾಕ್ಸನ್ ನುಡಿಸಿದ ಒಂದು ರೆಕಾರ್ಡ್ ಹೀಗೆ ಹೆಸರು ಕಳೆದುಕೊಂಡು ‘ಕಾಕ್ಸನ್ ಹಾಪ್’ ಆಯಿತು. ಡಾಡ್ ಅವರ ಗುರುತಿನ ಹಾಡೇ ಅದಾಯಿತು. ಎದುರಾಳಿ ಡ್ಯೂಕ್ ರೀಡ್ ಬಹುಕಾಲ ಹುಡುಕಿ ಕೊನೆಗೆ ಅದನ್ನೇ ಸಂಪಾದಿಸಿ ನುಡಿಸಿದ್ದು ಜಮೈಕಾ ಸಂಗೀತದ ಚರಿತ್ರೆಯಲ್ಲಿ ಇವತ್ತಿಗೂ ಹೇಳುವ ಪ್ರಸಂಗ. ಅದನ್ನು ಹೇಳುವವರು ಗೆದ್ದವರು ಯಾರು, ಸೋತವರು ಯಾರು ಎಂದು ವಿವರಿಸುತ್ತಾರೆ. ಜ್ಯಾಕ್ಸನ್ ಹೆಸರು ಕಿಂಗ್‌ಸ್ಟನ್‌ನ ಜನರಿಗೆ ತಿಳಿಯಿತೇ ಎಂದು ಕೇಳುವವರು ಕಡಿಮೆ. ಹಾಡು ಗುರುತಿಸುವ ಆ್ಯಪ್‌ಗಳು ಕ್ಲಬ್ ಡಿಜೆಗಳ ಕಸುಬನ್ನು ಹಾಳುಮಾಡಿದವು ಎಂಬ ದೂರನ್ನು ತೂಗಿ ನೋಡುವವರು ಈ ಪ್ರಶ್ನೆಯಿಂದಲೇ ಹೊರಡಬೇಕು. ಆ್ಯಪ್ ಬಂದ ಮೇಲೆ ಡಿಜೆಗಳ ಕೈತಪ್ಪಿದ್ದು ಹಾಡಿನ ಹೆಸರಿನ ಮೇಲಿದ್ದ ಹಿಡಿತ. ಆ ಹೆಸರು ಮೊದಲಿಗೇ ಅವರದಾಗಿರಲಿಲ್ಲ.

ಕಿಂಗ್‌ಸ್ಟನ್‌ನ ರೂಢಿ ನ್ಯೂಯಾರ್ಕಿಗೂ ದಾಟಿತು. 1967ರಲ್ಲಿ ಬಾಲಕನಾಗಿ ಜಮೈಕಾದಿಂದ ಬ್ರಾಂಕ್ಸಿಗೆ ಬಂದ ಕ್ಲೈವ್ ಕ್ಯಾಂಪ್‌ಬೆಲ್ ಮುಂದೆ ಕೂಲ್ ಹರ್ಕ್ ಎಂದು ಹೆಸರಾದರು. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದಲ್ಲಿ ಅವರು ಸಂಗೀತ ನುಡಿಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎನ್ನುತ್ತಾರೆ. ತಂದೆಯ ಸಲಹೆಯಂತೆ ಅವರು ರೆಕಾರ್ಡುಗಳನ್ನು ನೀರಿನಲ್ಲಿ ನೆನೆಸಿ ಲೇಬಲ್ ಕಿತ್ತು ಹಾಕುತ್ತಿದ್ದರು. ಅದೇ ವರ್ಷ ಇಂಗ್ಲೆಂಡಿನ ವಿಗನ್ ಪಟ್ಟಣದಲ್ಲಿ ಶುರುವಾದ ವಿಗನ್ ಕ್ಯಾಸಿನೊದಲ್ಲಿ ಮರೆಮಾಚುವ ಕೆಲಸ ಇನ್ನೂ ಮುಂದೆ ಹೋಯಿತು. ಅಮೆರಿಕದಲ್ಲಿ ಯಾರೂ ಕೊಳ್ಳದೆ ಉಳಿದ ಅರವತ್ತರ ದಶಕದ ಸೋಲ್ ಹಾಡುಗಳಿಗೆ ಅಲ್ಲಿ ಬೆಳಗಿನವರೆಗೂ ಕುಣಿಯುತ್ತಿದ್ದರು. ಡಿಜೆಗಳು ಅಪರೂಪದ ರೆಕಾರ್ಡಿನ ಲೇಬಲ್ ಮುಚ್ಚಿ, ಹಾಡಿಗೂ ಹಾಡಿದವರಿಗೂ ಸುಳ್ಳು ಹೆಸರಿಡುತ್ತಿದ್ದರು. ಮೋಟೌನ್ ಕಂಪನಿಗಾಗಿ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಒಂದು ಹಾಡು ಆಗ ಮಾರುಕಟ್ಟೆಗೇ ಬರಲಿಲ್ಲ. ಅವರು ಗಾಯನ ಬಿಟ್ಟು ನಿರ್ಮಾಪಕರಾದರು. ಅಚ್ಚಾದ ಪ್ರತಿಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆ ಹಾಡು ಇಂಗ್ಲೆಂಡಿನಲ್ಲಿ ಮೊದಲು ಮೊಳಗಿದ್ದು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬ ಗಾಯಕನ ಹೆಸರಿನಲ್ಲಿ. ಅದರ ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಇಂಥ ಹಳೆಯ ಪ್ರತಿ ಎಷ್ಟು ಸಲ ಕೈಬದಲಾದರೂ ಹಾಡಿದವರಿಗೆ ಅದರಲ್ಲಿ ಪಾಲಿಲ್ಲ.

ಇಷ್ಟು ಕಾಲ ನಡೆದ ಮುಚ್ಚುಮರೆಗೆ 2002ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲೇ ದೊಡ್ಡ ಪೆಟ್ಟು ಬಿತ್ತು. ಹಾಡು ಗುರುತಿಸುವ ಶಜಾಮ್ ಸೇವೆ ಶುರುವಾಯಿತು; ಅದು ಆಗ ಆ್ಯಪ್ ಆಗಿರಲಿಲ್ಲ. ಫೋನಿನ ಗುಂಡಿಗಳ ನಡುಸಾಲಿನಲ್ಲಿರುವ 2580 ಒತ್ತಿ ಸ್ಪೀಕರ್ ಕಡೆಗೆ ಹಿಡಿದರೆ ಅರ್ಧ ನಿಮಿಷದಲ್ಲಿ ಕರೆ ತಾನಾಗಿ ಕಡಿದು, ಹಾಡಿನ ಹೆಸರು ಎಸ್ಸೆಮ್ಮೆಸ್‌ನಲ್ಲಿ ಬರುತ್ತಿತ್ತು. ಗದ್ದಲದ ನಡುವೆ, ಕಳಪೆ ಮೈಕಿನಿಂದ ಇದು ಹೇಗೆ ಸಾಧ್ಯ ಎಂಬುದನ್ನು ಸಂಸ್ಥಾಪಕರಲ್ಲೊಬ್ಬರಾದ ಏವರಿ ವಾಂಗ್ 2003ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಹಾಡಿನ ಪ್ರತಿ ಗಳಿಗೆಯಲ್ಲಿ ಎದ್ದು ಕೇಳುವ ಕೆಲವು ಸ್ವರಬಿಂದುಗಳನ್ನು ಮಾತ್ರ ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಎರಡೆರಡು ಬಿಂದುಗಳನ್ನು ಜೋಡಿಮಾಡಿ, ಅವೆರಡರ ಕಂಪನಾಂಕ ಮತ್ತು ನಡುವಿನ ಸಮಯವನ್ನು ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಹಾಡುಗಳ ಭಂಡಾರದಲ್ಲಿ ಇಂಥ ಸಂಖ್ಯೆಗಳು ಯಾವ ಹಾಡಿನಲ್ಲಿ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಸಿಗುತ್ತವೋ ಅದೇ ಉತ್ತರ. ಈ ವಿಧಾನ ಎಡವುತ್ತಿದ್ದ ಜಾಗ ಮಾತ್ರ ನಮ್ಮ ಚರ್ಚೆಗೆ ತೀರ ಮುಖ್ಯ. ದಶಕಗಳ ಕಾಲ ಕ್ಲಬ್ಬುಗಳನ್ನು ಆಳಿದ ಟೆಕ್ನಿಕ್ಸ್ 1200 ಟರ್ನ್‌ಟೇಬಲ್ಲಿನ ಬಲಬದಿಯಲ್ಲಿ ಒಂದು ಜಾರುಗುಂಡಿ ಇದೆ. ವೇಗವನ್ನು ಶೇ 8ರವರೆಗೆ ಏರಿಸಬಹುದು, ಇಳಿಸಬಹುದು. ಓಡುತ್ತಿರುವ ಹಾಡಿಗೆ ಮುಂದಿನ ಹಾಡಿನ ತಾಳ ಕೂಡಿಸಲು ಡಿಜೆ ಅದನ್ನು ಸರಿಸಿದರೆ ಶ್ರುತಿಯೂ ಜೊತೆಗೇ ಸರಿಯುತ್ತದೆ, ಬಿಂದುಗಳ ಜಾಗ ಬದಲಾಗುತ್ತದೆ, ಯಂತ್ರಕ್ಕೆ ಗುರುತು ತಪ್ಪುತ್ತದೆ. ಡಿಜೆಯ ಬೆರಳು ಕೆಲಸ ಮಾಡುವ ಜಾಗದಲ್ಲೇ ಯಂತ್ರ ತಡವರಿಸಿತು. ಇವತ್ತಿನ ಆ್ಯಪ್ ಆ ತೊಡಕನ್ನು ಎಷ್ಟೇ ನಿಭಾಯಿಸಲಿ, ಅದು ಹೇಳುವುದು ಹಾಡಿನ ಹೆಸರನ್ನು ಮಾತ್ರ. ಈ ಹಾಡಿನ ನಂತರ ಆ ಹಾಡನ್ನು, ರಾತ್ರಿ ಎರಡು ಗಂಟೆಯ ಆ ಗುಂಪಿಗೆ ಏಕೆ ಹಾಕಬೇಕೆಂಬ ತೀರ್ಮಾನ ಯಾವ ಭಂಡಾರದಲ್ಲೂ ಸಿಗುವುದಿಲ್ಲ.

ಇದಕ್ಕೆ ಡಿಜೆಗಳ ಕಡೆಯಿಂದ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಧೂಳು ಹಿಡಿದ ಗೋದಾಮುಗಳಲ್ಲಿ ಕೂತು ಹುಡುಕಿದವರು ತಾವು. ಆ ಹುಡುಕಾಟವಿಲ್ಲದೆ ಹೋಗಿದ್ದರೆ ಫ್ರಾಂಕ್ ವಿಲ್ಸನ್ ಅವರ ಹೆಸರು ಮರೆಮಾಚುವುದಿರಲಿ, ಹಾಡೇ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಗುಟ್ಟಿಗೆ ಬೆಲೆ ಇಲ್ಲವಾದರೆ ಹುಡುಕುವವರಾರು ಎಂದು ಅವರು ಕೇಳುತ್ತಾರೆ. ಹುಡುಕಿದ ಶ್ರಮ ದೊಡ್ಡದು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಗುಟ್ಟು ಒಡೆದಾಗಲೆಲ್ಲ ಸಂಗೀತ ಬಡವಾಯಿತು ಎನ್ನಲು ಚರಿತ್ರೆಯಲ್ಲಿ ಆಧಾರವಿಲ್ಲ. ಹರ್ಕ್ ಮತ್ತು ಅವರ ಸಮಕಾಲೀನರು ಅಡಗಿಸಿಟ್ಟಿದ್ದ ತಾಳದ ತುಣುಕುಗಳಿರುವ ಹಾಡುಗಳನ್ನು ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಎಂಬ ಮಾಲಿಕೆ 1986ರಿಂದ 1991ರವರೆಗೆ 25 ಸಂಪುಟಗಳಲ್ಲಿ ಅಂಗಡಿಗೆ ತಂದಿತು. ಹಿಪ್‌ಹಾಪ್ ಅದರಿಂದ ಸೊರಗಲಿಲ್ಲ. ರೆಕಾರ್ಡ್ ಹುಡುಕಲು ದುಡ್ಡೂ ದಾರಿಯೂ ಇಲ್ಲದ ಹುಡುಗರು ಆ ಸಂಪುಟಗಳಿಂದಲೇ ಹೊಸ ಹಾಡು ಕಟ್ಟಿದರು. ಕಿಂಗ್‌ಸ್ಟನ್‌ನಲ್ಲೂ ಅಮೆರಿಕದ ರೆಕಾರ್ಡುಗಳ ಒರತೆ ಬತ್ತತೊಡಗಿದಾಗ ಡಾಡ್ ಸ್ಥಳೀಯ ವಾದಕರನ್ನು ಕರೆದು ಧ್ವನಿಮುದ್ರಿಸಿದರು. 1963ರಲ್ಲಿ ಅವರು ತೆರೆದ ಸ್ಟುಡಿಯೊ ಒನ್ ಇಲ್ಲದ ರೆಗೆ ಸಂಗೀತವನ್ನು ಊಹಿಸುವುದು ಕಷ್ಟ. ಬೇರೆಯವರ ಬಳಿ ಇಲ್ಲದ ಹಾಡು ಬೇಕೆಂಬ ಹಟವೇ ಡಾಡ್ ಅವರನ್ನು ಅಲ್ಲಿಗೆ ಒಯ್ದಿತು, ನಿಜ. ಆದರೆ ಆ ಹಟ ಫಲ ಕೊಟ್ಟದ್ದು ಇನ್ನೊಬ್ಬರ ಹೆಸರು ಕೆರೆದಾಗಲ್ಲ, ಹೊಸದನ್ನು ಹುಟ್ಟಿಸಿದಾಗ.

ಎರಡನೆಯ ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಭಂಡಾರದಲ್ಲಿ ಇಲ್ಲದ ಹಾಡನ್ನು ಆ್ಯಪ್ ಗುರುತಿಸಲಾರದು. ಹಾಗಾಗಿ ಬಿಡುಗಡೆಯಾಗದ ಹಾಡಿಗೆ ಈಗ ಹೆಚ್ಚಿನ ಮರ್ಯಾದೆ; ಅಂಥವು ಹೆಸರಾಂತ ಡಿಜೆಗಳಿಗೆ ಸಲೀಸಾಗಿ ಸಿಗುತ್ತವೆ, ಹೊಸಬರಿಗೆ ಸಿಗುವುದಿಲ್ಲ. ಅಸಮಾನತೆ ಅಳಿಯಲಿಲ್ಲ, ಜಾಗ ಬದಲಿಸಿತು. ಆದರೂ ಇಲ್ಲೊಂದು ವ್ಯತ್ಯಾಸವಿದೆ. ಅಚ್ಚಾಗದ ಹಾಡು ಅದನ್ನು ಕಟ್ಟಿದವರೇ ಮನಸಾರೆ ಕೊಟ್ಟದ್ದು. ಮುಂದೆ ಬಿಡುಗಡೆಯಾದಾಗ ಅದು ಅವರ ಹೆಸರಿನಲ್ಲೇ ಬರುತ್ತದೆ. ಅಲ್ಲಿಯವರೆಗೆ ಡಿಜೆ ಅದನ್ನು ಜನರ ಕಿವಿಗೆ ಹಾಕಿ ಉಪಕಾರ ಮಾಡುತ್ತಾರೆ. ವಿಲ್ಸನ್‌ಗೆ ಆದಂಥ ಅನ್ಯಾಯ ಇದರಲ್ಲಿಲ್ಲ.

ಹೆಸರಿನ ಹಿಂದೆ ಹಣದ ಪ್ರಶ್ನೆಯೂ ಇದೆ. ಕ್ಲಬ್ಬುಗಳು ಕಟ್ಟುವ ಪರವಾನಗಿ ಶುಲ್ಕವನ್ನು ಹಕ್ಕುಸಂಘಗಳು ಸಂಗೀತಗಾರರಿಗೆ ಹಂಚಬೇಕು. ಯಾವ ರಾತ್ರಿ ಏನು ನುಡಿಸಿದರೆಂಬ ಪಟ್ಟಿ ಇಲ್ಲದಿದ್ದರೆ ಮಾದರಿ ಸಮೀಕ್ಷೆ, ರೇಡಿಯೊ ಲೆಕ್ಕಗಳನ್ನು ನೋಡಿ ಅಂದಾಜಿನಲ್ಲಿ ಹಂಚುವುದಾಗುತ್ತದೆ. ಆ ಅಂದಾಜಿನಲ್ಲಿ ಕ್ಲಬ್ಬಿನಾಚೆ ಎಲ್ಲೂ ಕೇಳಿಸದ ಹಾಡು ಕಟ್ಟಿದವರಿಗೆ ಬಿಡಿಗಾಸೂ ಬಾರದಿರಬಹುದು. ಇದಕ್ಕೆ ಮದ್ದಾಗಿ ಯುರೋಪಿನ ಕೆಲವು ಕ್ಲಬ್ಬುಗಳಲ್ಲಿ ಹಾಡು ಗುರುತಿಸುವ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. 2018ರಲ್ಲಿ ಶಜಾಮ್ ಕೊಂಡ ಆ್ಯಪಲ್ 2021ರಲ್ಲಿ ಅದೇ ತಂತ್ರವನ್ನು ತನ್ನ ಸಂಗೀತ ಸೇವೆಯ ಡಿಜೆ ಮಿಕ್ಸ್‌ಗಳಿಗೆ ಹೊಂದಿಸಿ, ಅವುಗಳೊಳಗಿನ ಹಾಡುಗಳ ಹಕ್ಕುದಾರರಿಗೂ ಹಣ ಹೋಗುವಂತೆ ಮಾಡಿತು. ಡಿಜೆಗೂ ಪಾಲು, ಹಾಡು ಕಟ್ಟಿದವರಿಗೂ ಪಾಲು. ಬೆಂಗಳೂರಿನ ಪಬ್ಬು, ಕ್ಲಬ್ಬುಗಳಿಗೂ ಸಂಗೀತ ನುಡಿಸಲು ಪರವಾನಗಿ ಬೇಕು. ಆ ಶುಲ್ಕದ ಜೊತೆಗೆ, ಪ್ರತಿ ರಾತ್ರಿ ನುಡಿಸಿದ ಹಾಡುಗಳ ಪಟ್ಟಿಯನ್ನೂ ಡಿಜೆಗಳೇ ಮುಂದಾಗಿ ಕೊಡಲಿ, ಹಕ್ಕುಸಂಘಗಳು ಅದನ್ನು ನೋಡಿ ಹಣ ಹಂಚಲಿ.