ಸೈನಿಕರ ಉಡುಪಿನ ಕೆಲವು ಪದಗಳು

ನಮ್ಮ ಸೋಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಕುಮಾರವ್ಯಾಸ ಭಾರತದ ಯುದ್ಧಪ್ರಸಂಗವನ್ನು ಓದುವ ವಿದ್ಯಾರ್ಥಿಗೆ ‘ಜೋಡು’ ಎಂಬ ಪದ ಎದುರಾದಾಗ, ಆತನ ದೃಷ್ಟಿ ವೀರನ ಎದೆಯತ್ತ ಹೋಗದೆ ಕಾಲಿನತ್ತ ಹೋಗುತ್ತದೆ. ಅವನ ಮನೆಮಾತಿನಲ್ಲಿ ಜೋಡು ಎಂದರೆ ಪಾದರಕ್ಷೆ. ನೆರೆಯ ಮರಾಠಿಯ ‘ಜೋಡಾ’ ಕೂಡ ಅದೇ. ಕವಿಯ ಕಾಲವಾದ 15ನೆಯ ಶತಮಾನದ ಕನ್ನಡದಲ್ಲಾದರೋ ಜೋಡು ಎಂದರೆ ಕವಚ. ಕೂಡಿಸಿದ್ದು ಎಂಬುದೇ ಎರಡಕ್ಕೂ ಮೂಲಾರ್ಥ. ಎರಡು ಕೂಡಿದ್ದರಿಂದ ಪಾದರಕ್ಷೆಗೆ ಆ ಹೆಸರು. ಬಿಡಿ ಬಳೆಗಳನ್ನು ಒಂದಕ್ಕೊಂದು ಕೊಂಡಿಗೂಡಿಸಿದ್ದರಿಂದ ಕವಚಕ್ಕೆ ಅದು ಸಂದಿತೆಂದು ನನಗೆ ತೋರುತ್ತದೆ. ರಣರಂಗದಿಂದ ಕವಚವು ಮರೆಯಾದ ಮೇಲೆ ಪದವು ಪಾದಕ್ಕಷ್ಟೇ ಉಳಿಯಿತು. ಶಿಕ್ಷಕನು ಇಲ್ಲಿ ಅರೆಗಳಿಗೆ ನಿಂತು ವಿವರಿಸದಿದ್ದರೆ, ಮಹಾರಥಿಗಳೆಲ್ಲ ಚಪ್ಪಲಿ ಮೆಟ್ಟುವುದನ್ನೇ ಕವಿ ವರ್ಣಿಸಿದನೆಂದು ಮಕ್ಕಳು ತಿಳಿದಾರು!

‘ಸೀಸಕ’ವೂ ಇಂತಹುದೇ ತೊಡಕು. ಸಂಸ್ಕೃತದಲ್ಲಿ ಸೀಸಕವೆಂದರೆ ಸೀಸವೆಂಬ ಲೋಹ. ಆದರೆ ನಮ್ಮ ಕಾವ್ಯಗಳ ಸೀಸಕವು ‘ಶೀರ್ಷಕ’ದ ತದ್ಭವ, ಶೀರ್ಷವನ್ನು, ಅಂದರೆ ತಲೆಯನ್ನು, ಕಾಯುವುದು ಅದರ ಕೆಲಸ. ಸೀಸದಿಂದ ಮಾಡಿದ ಶಿರಸ್ತ್ರಾಣವನ್ನು ಹೊತ್ತರೆ ಯೋಧನ ಕುತ್ತಿಗೆಯ ಗತಿ ಏನು?

ಈ ಸೀಮೆಯ ಒಡೆತನ ಕೈ ಬದಲಾದಂತೆ ಉಡುಪಿನ ಹೆಸರುಗಳೂ ಬದಲಾದವು. ಸೋಲಾಪುರದ ಕೋಟೆಗಾಗಿ ಬಿಜಾಪುರದ ಆದಿಲಶಾಹಿಯೂ ಅಹಮದನಗರದ ನಿಜಾಮಶಾಹಿಯೂ ಕಾದಾಡಿದುವು. ಆ ಆಸ್ಥಾನಗಳ ಪಾರಸಿಯು ದಂಡಿನ ಮಾತಿನಲ್ಲಿ ಬೆರೆಯಿತು. ‘ಬಖ್ತರ’ವು ಅಲ್ಲಿಯದು. ಅಕ್ಕಲಕೋಟೆಯನ್ನು ಆಳಿದ ಭೋಸಲೆ ಮನೆತನದ ಶಸ್ತ್ರಾಗಾರವು ಇಂದಿಗೂ ಪ್ರಸಿದ್ಧವಾಗಿದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ‘ಜಿರೇಟೋಪ’ವೆಂಬ ಪದವನ್ನು ಅವಶ್ಯ ವಿವರಿಸಬೇಕು. ಮರಾಠಿ ಬಲ್ಲ ಬಾಲಕನಿಗೆ ‘ಜಿರೇ’ ಎಂದರೆ ಜೀರಿಗೆ. ಇಲ್ಲಿಯ ಜಿರೇ ಅದಲ್ಲ. ಪಾರಸಿಯ ‘ಜಿರಹ’, ಕಬ್ಬಿಣದ ಬಳೆಗಳ ಹೆಣಿಗೆ. ನಮ್ಮ ಜೋಡು ಯಾವುದೋ ಜಿರಹವೂ ಅದೇ. ಒಡೆಯರ ಭಾಷೆ ಮಾತ್ರ ಬೇರೆ.

ಬಂದೂಕಿನ ಯುಗದಲ್ಲಿ ಹೊಳೆಯುವ ಉಕ್ಕು ಅಪಾಯಕರವಾಯಿತು. ಮಣ್ಣಿನಲ್ಲಿ ಮಣ್ಣಾಗಿ ಅಡಗುವುದೇ ರಕ್ಷೆಯಾಯಿತು. ಪಾರಸಿಯ ‘ಖಾಕ್’ ಎಂದರೆ ಧೂಳು, ಅದರಿಂದ ‘ಕಾಕಿ’. 1846ರಲ್ಲಿ ಪೇಶಾವರದಲ್ಲಿ ಲಮ್ಸ್‌ಡೆನ್ನನು ಕಟ್ಟಿದ ಗೈಡ್ಸ್ ದಳವು ಈ ಬಣ್ಣದ ಉಡುಪಿಗೆ ಮೊದಲೆನಿಸಿದೆ. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಕಾರ ಹಾಲರನು ಕಾಕಿಯನ್ನು ಕಂಡುಹಿಡಿದನೆಂಬ ಮಾತು ಕರಾವಳಿಯಲ್ಲಿ ಪ್ರಚಲಿತವಾಗಿದೆ. ಬಟ್ಟೆಗೆ ಬಣ್ಣ ಕಟ್ಟಿದ ಕೀರ್ತಿ ಆತನಿಗೂ ಸಲ್ಲಲಿ, ಪದವಂತೂ ಆತನದಲ್ಲ.

ನಾವು ಪಡೆದದ್ದನ್ನೇ ಹೇಳಿದೆ, ಕೊಟ್ಟದ್ದೂ ಉಂಟು. ಹಿಂದೀ ಸಿಪಾಯಿಯು ಹರಡಿನಿಂದ ಮೊಣಕಾಲಿನವರೆಗೆ ಸುತ್ತುತ್ತಿದ್ದ ‘ಪಟ್ಟಿ’ಯನ್ನು ಇಂಗ್ಲಿಷರು ‘ಪಟೀ’ ಎಂದು ಕರೆದು ತಮ್ಮದಾಗಿ ಮಾಡಿಕೊಂಡರು. 1914-18ರ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿ ನಿಂತ ಬ್ರಿಟಿಷ್ ಸೈನಿಕನ ಕಾಲಿಗಿದ್ದುದು, ನಮ್ಮಲ್ಲಿ ಗಾಯಕ್ಕೆ ಸುತ್ತುವ ಪಟ್ಟಿಯ ಹೆಸರೇ.