ಪುೞು, ಹುಳು, ಪುರಿ: ಕಾರ್ಕಳ ಸೀಮೆಯ ಸಾಂಗತ್ಯ ಮತ್ತು ಹಳೆಯ ಉಚ್ಚಾರದ ಜಾಡು

ನಿಟ್ಟೆಯ ಆಸುಪಾಸಿನ ತುಳುವರು ಹುಳುವಿಗೆ ‘ಪುರಿ’ ಎನ್ನುತ್ತಾರೆ. ಹಳಗನ್ನಡದಲ್ಲಿ ಅದು ‘ಪುೞು’. ಮೊದಲಿನ ಪಕಾರವನ್ನು ತುಳು ಇಂದಿಗೂ ಕಾಪಾಡಿಕೊಂಡಿದೆ, ೞಕಾರವನ್ನು ರಕಾರ ಮಾಡಿಕೊಂಡಿದೆ. ಕನ್ನಡ ಎರಡನ್ನೂ ಕೈಬಿಟ್ಟಿದೆ. ಹಾಗೆಯೇ ‘ಕೋೞಿ’ ಕನ್ನಡದಲ್ಲಿ ಕೋಳಿ, ತುಳುವಿನಲ್ಲಿ ಕೋರಿ. ಹಳಗನ್ನಡದ ‘ಪಾಡು’ ನಮಗೆ ಹಾಡಾದರೂ ತುಳು ಹಾಡಿನ ಪಾಡ್ದನ ಎಂಬ ಹೆಸರಿನಲ್ಲಿ ಆ ಪಕಾರ ಇನ್ನೂ ಕೇಳುತ್ತದೆ. ಈ ಸೀಮೆಯ 16ನೇ ಶತಮಾನದ ಹಾಡುಗಬ್ಬವನ್ನು ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಕಂಡಿಲ್ಲ.

ಕಾರ್ಕಳದಲ್ಲಿ ಭೈರರಸರು ಆಳುತ್ತಿದ್ದ ಕಾಲದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಕಟ್ಟಿದ. ಅವನ ‘ತ್ರಿಲೋಕಶತಕ’ ಕೊಡುವ ಕಾಲ ಶಕ 1479, ಅಂದರೆ ಕ್ರಿ.ಶ. 1557. ಇಂಗ್ಲೆಂಡಿನಲ್ಲಿ ಆಗ ಟ್ಯೂಡರ್ ಮನೆತನದ (1485–1603) ಆಳ್ವಿಕೆ. ಅಲ್ಲಿನ ಅರಮನೆಯ ಹಾಡುಗಳೂ ಇಲ್ಲಿನ ಸಾಂಗತ್ಯವೂ ಓರಗೆಯವು. ಎರಡೂ ಓದುವುದಕ್ಕಿಂತ ಹಾಡುವುದಕ್ಕೆ ಹುಟ್ಟಿದವು.

ಆ ಕಾಲದ ಇಂಗ್ಲಿಷಿನಲ್ಲಿ ಸ್ವರಗಳು ಜಾಗ ಬದಲಿಸುತ್ತಿದ್ದವು. ಮಾಂಸ ಎಂಬರ್ಥದ ಇಂದಿನ ‘ಮೀಟ್’ ಆಗ ‘ಮೇಟ್’ ಎಂಬಂತೆ ಕೇಳುತ್ತಿತ್ತು. ಭೇಟಿಯಾಗು ಎಂಬರ್ಥದ ‘ಮೀಟ್’ನೊಡನೆ ಅದಕ್ಕೆ ಪ್ರಾಸ ಕೂಡುತ್ತಿರಲಿಲ್ಲ. ಮೊಣಕಾಲನ್ನು ಹೇಳುವ ‘ನೀ’ ಪದದ ಮೊದಲಿಗೆ ಇಂದು ಬರೆದೂ ಓದದ ಕಕಾರವನ್ನು ಅಂದಿನವರು ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಅಚ್ಚುಕೂಟ ತೆರೆದ ಮೇಲೆ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಯಿತು, ನುಡಿ ಮಾತ್ರ ಸರಿಯುತ್ತಲೇ ಹೋಯಿತು. ಬರಹ ಮಾತನ್ನು ಹಿಂಬಾಲಿಸಬೇಕೆಂದು ಜಾನ್ ಹಾರ್ಟ್ 1569ರಲ್ಲೇ ಪುಸ್ತಕ ಬರೆದು ವಾದಿಸಿದ. ಅದು ನಡೆಯಲಿಲ್ಲ.

ಕನ್ನಡದಲ್ಲಿ ಬರಹ ಮಾತಿನ ಬೆನ್ನಿಗೇ ಬಂತು. ಪಕಾರ ಹಕಾರವಾದಾಗ ಬರೆಯುವವರೂ ಹಕಾರ ಬರೆದರು. ಆದ್ದರಿಂದ ಹಳೆಯ ದನಿಯನ್ನು ನಾವು ಪ್ರಾಸದಲ್ಲಿ ಹುಡುಕಬೇಕು. ಇಂಗ್ಲಿಷಿನ ಪ್ರಾಸ ಸಾಲಿನ ಕೊನೆಯಲ್ಲಿದ್ದು ಸ್ವರದ ಸಾಮ್ಯ ಬೇಡುತ್ತದೆ. ಕನ್ನಡದ ಆದಿಪ್ರಾಸ ಎರಡನೇ ಅಕ್ಷರದಲ್ಲಿ ನಿಂತು ವ್ಯಂಜನದ ಸಾಮ್ಯ ಬೇಡುತ್ತದೆ. ಅಲ್ಲಿ ಬಹಳವಾಗಿ ಬದಲಾದದ್ದು ಸ್ವರ, ಇಲ್ಲಿ ವ್ಯಂಜನ. ಹಾಗಾಗಿ ಆಯಾ ಭಾಷೆಯ ಪ್ರಾಸವೇ ಆಯಾ ಭಾಷೆಯ ಬದಲಾವಣೆಗೆ ಸಾಕ್ಷಿಯಾಗಿ ಒದಗಿದೆ. ೞಕಾರ ಳಕಾರದೊಡನೆ, ಱಕಾರ ರಕಾರದೊಡನೆ ಪ್ರಾಸಕ್ಕೆ ಕೂತಿತೆಂದರೆ ಕವಿಯ ಕಿವಿಗೆ ಅವು ಒಂದಾಗಿದ್ದವೆಂದೇ ಅರ್ಥ. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಕೇಳಿದರೇ ತಿಳಿಯುವಂತಿದ್ದರೆ ಪಟ್ಟಿ ಯಾರಿಗೆ ಬೇಕಿತ್ತು? ರತ್ನಾಕರನ ಹೊತ್ತಿಗಂತೂ ಆ ದನಿ ಕನ್ನಡಿಗರ ಬಾಯಲ್ಲಿರಲಿಲ್ಲ.

ಆದರೆ ಪಕಾರ–ಹಕಾರದ ವಿಷಯದಲ್ಲಿ ಪ್ರಾಸ ಕೈಕೊಡುತ್ತದೆ, ಏಕೆಂದರೆ ಆ ಬದಲಾವಣೆ ನಡೆದದ್ದು ಪದದ ಮೊದಲ ಅಕ್ಷರದಲ್ಲಿ. ‘ಪಾಲ್’ ಹೋಗಿ ‘ಹಾಲು’ ಬಂದಾಗ ಒಂದು ಲಘು ಹೆಚ್ಚುವುದರಿಂದ ಛಂದಸ್ಸು ಸ್ವಲ್ಪ ಸುಳಿವು ಕೊಡಬಹುದು. ಸಾಂಗತ್ಯ ಅಂಶಗಣದ ಮಟ್ಟಾದ್ದರಿಂದ, ಹಾಡುವಾಗ ಎಳೆದುಕೊಳ್ಳಲು ಅವಕಾಶವಿರುವುದರಿಂದ, ಆ ಸುಳಿವನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ತಾಳೆಗರಿಯ ಲಿಪಿಕಾರರು ಎಕಾರ ಏಕಾರಗಳನ್ನೂ ಒಕಾರ ಓಕಾರಗಳನ್ನೂ ಬೇರೆ ಮಾಡಿ ಬರೆಯುತ್ತಿರಲಿಲ್ಲ. ಅಲ್ಲಿ ಮಾತ್ರ ಛಂದಸ್ಸಿನ ತೀರ್ಪು ಬೇಕೇಬೇಕು. ಇನ್ನೊಂದನ್ನು ಮರೆಯುವಂತಿಲ್ಲ: ಶತಕಗಳ ವೃತ್ತಗಳಲ್ಲಿ ಹಳಗನ್ನಡದತ್ತ ವಾಲುವ ರತ್ನಾಕರ ಸಾಂಗತ್ಯದಲ್ಲಿ ಆಡುನುಡಿಗೆ ಹತ್ತಿರವಾಗುತ್ತಾನೆ. ಒಬ್ಬನೇ ಕವಿಗೆ ಎರಡು ಕನ್ನಡ.

ಬಾಯಿಂದ ಬಾಯಿಗೆ ಬಂದ ಹಾಡಿನ ದಾರಿ ಬೇರೆ. ಅದೇ ಶತಮಾನದ ವಾದಿರಾಜರ ‘ಲಕ್ಷ್ಮೀ ಶೋಭಾನೆ’ಯನ್ನು ಉಡುಪಿಯ ಮದುವೆಗಳಲ್ಲಿ ಹೆಂಗಸರು ಇಂದೂ ಹಾಡುತ್ತಾರೆ. ಅಲ್ಲಿ ಕೇಳುವುದು ಹಾಡುವವರ ಕಾಲದ ಉಚ್ಚಾರ. ದಾಸರ ಪದಗಳನ್ನು ಮಿಷನರಿ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದಾಗ ಸಿಕ್ಕಿದ್ದೂ ಮೂರು ಶತಮಾನಗಳ ನಾಲಗೆಗಳನ್ನು ದಾಟಿ ಬಂದ ರೂಪವೇ.

ನಿಟ್ಟೆಗೆ ಹತ್ತಿರದ ನಂದಳಿಕೆಯ ಮುದ್ದಣ (1870–1901) ಹಳಗನ್ನಡ ರೂಪಗಳಲ್ಲಿ ‘ಅದ್ಭುತ ರಾಮಾಯಣ’ ಬರೆದು, ಕರ್ತೃ ತಾನೆಂದು ಹೇಳಿಕೊಳ್ಳದೆ, ಹಿಂದಿನವರ ಕೃತಿಯೆಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದ. ಅವರು ನಂಬಿದರು. ಅವನ ಪಾಂಡಿತ್ಯ ದೊಡ್ಡದು. ಆದರೂ ಅವನು ಬೆಳೆದದ್ದು ಪಿಲಿ, ಪೂ, ಪುರಿ ಎಂಬ ಮಾತುಗಳ ನಡುವೆ ಎಂಬುದನ್ನು ವಿಮರ್ಶಕರು ಲೆಕ್ಕಕ್ಕೆ ಹಿಡಿಯಬೇಕು. ಪಕಾರ ಅವನಿಗೆ ಅಂಗಳದಲ್ಲೇ ಸಿಕ್ಕಿತು. ೞಕಾರಕ್ಕಾದರೆ ಕೇಶಿರಾಜನ ಪಟ್ಟಿಯನ್ನೇ ತೆರೆಯಬೇಕಿತ್ತು.