ಶಿವಪುರದ ಲೆಕ್ಕ



ಕಾಲ್ಪನಿಕ ಲೋಕ ಎಂದರೆ ಗ್ಲೆನ್ ವೇವರ್ಲಿಯ ನಮ್ಮ ಮಕ್ಕಳಿಗೆ ನೆನಪಾಗುವುದು ಟೋಲ್ಕಿನ್. ಅವರು ಬರೆಯುವ ಕಥೆಗಳಲ್ಲೂ ಡ್ರ್ಯಾಗನ್, ಕೋಟೆ, ಹಿಮದ ಬೆಟ್ಟ. ಕನ್ನಡದಲ್ಲಿ ಹೀಗೆ ಹೊಸ ಲೋಕ ಕಟ್ಟಿದವರು ಯಾರು ಎಂದು ಅವರು ಕೇಳಿದರೆ ನಾನು ಚಂದ್ರಶೇಖರ ಕಂಬಾರರ ಹೆಸರು ಹೇಳುತ್ತೇನೆ. ಅವರು ಕಟ್ಟಿದ ಊರು ಶಿವಪುರ.

ಕಂಬಾರರು 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದರು. ಶಿವಪುರದ ಮಣ್ಣು ಅಲ್ಲಿಯದು. ಹಾಗೆಂದು ಶಿವಪುರ ಘೋಡಗೇರಿಯ ನಕಲಲ್ಲ. ಅವರು ಊರಿನಿಂದ ತಂದದ್ದು ನಂಬಿಕೆಗಳನ್ನು, ಆಡುಮಾತನ್ನು, ಬಯಲಾಟದ ಕುಣಿತವನ್ನು.

ಅವರು ಕಟ್ಟುವ ಬಗೆಗೆ ಒಂದು ಉದಾಹರಣೆ ನೋಡಿ. ಉತ್ತರ ಕರ್ನಾಟಕದಲ್ಲಿ ಭಾದ್ರಪದ ಮಾಸದಲ್ಲಿ ಹೆಣ್ಣುಮಕ್ಕಳು ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಮನೆಮನೆಗೆ ಹೋಗಿ ಹಾಡುತ್ತಾರೆ. ಮಳೆ, ಬೆಳೆ, ಸಂತಾನ ಕೊಡುವ ಈ ದೇವರು ಅಲ್ಪಾಯುಷಿ. ಈ ಒಂದು ನಂಬಿಕೆಯ ಮೇಲೆ 1972ರ ‘ಜೋಕುಮಾರಸ್ವಾಮಿ’ ನಾಟಕ ನಿಂತಿದೆ. ಬಂದೂಕು ಹಿಡಿದ ಗೌಡನಿಂದ ನೆಲಕ್ಕೂ ಫಲವಿಲ್ಲ, ಹೆಂಡತಿಗೂ ಇಲ್ಲ. ಉಳುವ ಬಸಣ್ಣನಿಂದ ಫಲ ಬರುತ್ತದೆ, ಆದರೆ ಅವನು ಪ್ರಾಣ ತೆರುತ್ತಾನೆ. ಫಲ ಕೊಟ್ಟವನು ಬದುಕುವುದಿಲ್ಲ ಎಂಬ ನಿಯಮ ಒಪ್ಪಿದವರಿಗೆ ಮುಂದಿನದೆಲ್ಲ ಸಹಜವಾಗಿಯೇ ಕಾಣುತ್ತದೆ.

ನಾನು ಚಾರ್ಟರ್ಡ್ ಅಕೌಂಟೆಂಟ್. ನಮ್ಮ ಕೆಲಸದಲ್ಲಿ ಹೋದ ವರ್ಷದ ಅಖೈರು ಶಿಲ್ಕೇ ಈ ವರ್ಷದ ಆರಂಭದ ಶಿಲ್ಕು. ನಡುವೆ ಏನೂ ಕಳೆದುಹೋಗುವಂತಿಲ್ಲ. ಕಲ್ಪಿತ ಲೋಕಕ್ಕೂ ಇದೇ ಶಿಸ್ತು ಬೇಕು. ಕಂಬಾರರು ‘ಚಕೋರಿ’ ಮಹಾಕಾವ್ಯದಲ್ಲಿ ಬಂದ ಮಾಂತ್ರಿಕ ಶಿಖರಸೂರ್ಯನನ್ನು ಅಲ್ಲಿಗೇ ಬಿಡಲಿಲ್ಲ. ಅವನ ಹೆಸರಿನಲ್ಲೇ ಒಂದು ದೊಡ್ಡ ಕಾದಂಬರಿ ಬರೆದರು. ಅದರಲ್ಲಿ ಒಂದು ಕಡೆ ಶಿವಪುರ, ಇನ್ನೊಂದು ಕಡೆ ಚಿನ್ನ ಮತ್ತು ಅಧಿಕಾರದ ಕನಕಪುರಿ.

ಶಿವಪುರವನ್ನು ಅವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಲೂ ಇಲ್ಲ. 1975ರ ‘ಕರಿಮಾಯಿ’ಯಲ್ಲಿ ಪೇಟೆಯಲ್ಲಿ ಓದಿ ಬಂದ ಗುಡಸೀಕರನ ಹಿಂದೆ ಹೊಸ ಕಾಲವೂ ಊರೊಳಗೆ ಬರುತ್ತದೆ, ದೇವಿಯ ಊರು ತಲ್ಲಣಿಸುತ್ತದೆ. ಪ್ರೀತಿಯ ಊರು ಕೆಡುವುದನ್ನೂ ಬರೆದದ್ದರಿಂದಲೇ ಶಿವಪುರ ಜೀವಂತವಾಗಿದೆ.

ಈ ಮಾತು ಅನಿವಾಸಿಗಳಾದ ನಮಗೆ ತಾಗಬೇಕು. ನಮ್ಮೆಲ್ಲರ ತಲೆಯಲ್ಲೂ ಒಂದೊಂದು ಶಿವಪುರವಿದೆ. ಅದು ನಾವು ವಿಮಾನ ಹತ್ತಿದ ವರ್ಷಕ್ಕೇ ನಿಂತುಬಿಟ್ಟಿದೆ. ಮಕ್ಕಳಿಗೆ ನಾವು ದಾಟಿಸುತ್ತಿರುವುದು ಆ ನಿಂತ ಊರನ್ನು. ಅದರಲ್ಲಿ ಅವರು ಹೊಸದಾಗಿ ಮಾಡಬೇಕಾದದ್ದು ಏನೂ ಉಳಿದಿಲ್ಲ; ಹಾಗಾಗಿ ಡ್ರ್ಯಾಗನ್‌ಗಳ ಕಡೆ ಹೋಗುತ್ತಾರೆ.

ಅವರಿಗೆ ಸಿದ್ಧ ಊರಿನ ಬದಲು ನಿಯಮಗಳನ್ನು ಕೊಡೋಣ. ಭಾದ್ರಪದ ಬರುವ ಸೆಪ್ಟೆಂಬರಿನಲ್ಲಿ ಇಲ್ಲಿ ವಸಂತ. ಮರಿಗಳನ್ನು ಕಾಯುವ ಮ್ಯಾಗ್‌ಪೈ ಹಕ್ಕಿಗಳು ದಾರಿಹೋಕರ ತಲೆಗೆ ಎರಗುವ ಕಾಲ. ಬುಟ್ಟಿ ಹೊತ್ತು ಜೋಕುಮಾರ ಗ್ಲೆನ್ ವೇವರ್ಲಿಗೆ ಬಂದರೆ ಯಾವ ಮನೆಯ ಬಾಗಿಲು ತೆರೆಯುತ್ತದೆ? ಇಲ್ಲಿ ಅವನು ಯಾವ ಬೆಳೆಗೆ ಮಳೆ ತರುತ್ತಾನೆ, ಯಾರಿಗಾಗಿ ಸಾಯುತ್ತಾನೆ? ಇದಕ್ಕೆ ಉತ್ತರ ನಮ್ಮ ಬಳಿ ಇಲ್ಲ. ಅದನ್ನು ಮಕ್ಕಳೇ ಬರೆಯಬೇಕು, ಕನ್ನಡದಲ್ಲಿ ಬರೆಯಬೇಕು. ಬರೆದದ್ದು ನಮ್ಮ ನೆನಪಿನ ಊರಿಗೆ ಹೊಂದದಿದ್ದರೂ ತಿದ್ದಲು ಹೋಗದಿರೋಣ.